ಸಾಲ ಯಾವುದು, ಋಣ ಯಾವುದು?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಯೊಂದಕ್ಕೆ ನೀವು ಹೋದರೆ, ಮನೆಯವರ ಯೋಗಕ್ಷೇಮ ವಿಚಾರಿಸುವ ಮೊದಲೇ ನಿಮ್ಮ ಕಣ್ಣು ಅಟ್ಟದ ಕಡೆಗೆ ಹೊರಳುತ್ತದೆ. ಬಲಿತ ಕಾಯಿಗಳು ಅಲ್ಲಿ ಸಿಪ್ಪೆಸಮೇತ ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತವೆ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಡಬೇಕು, ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಗುಡುಗುಡು ಸದ್ದು ಬರಬೇಕು. ಆಗ ಮಾತ್ರ ಅದು ಉಂಡೆ ಕೊಬ್ಬರಿ. ಅವಸರ ಮಾಡಿ ಒಡೆದರೆ ಗಿಟುಕು ಕೆಡುತ್ತದೆ, ಮಂಡಿಯಲ್ಲಿ ಬೆಲೆ ಬೀಳುತ್ತದೆ. ಅಟ್ಟದ ಮೇಲೆ ಎಷ್ಟು ಕಾಯಿ ಇದೆ ಎಂಬುದೇ ನಮ್ಮ ಕಡೆಯ ರೈತನ ಉಳಿತಾಯ ಖಾತೆ. ಮಗಳ ಮದುವೆ, ಬೋರ್‌ವೆಲ್, ಆಸ್ಪತ್ರೆಯ ಖರ್ಚು ಎಲ್ಲವೂ ಹಿಂದಿನಿಂದ ಆ ಅಟ್ಟದಿಂದಲೇ ಇಳಿದು ಬಂದಿವೆ. ಕಳೆದ ಹತ್ತಿಪ್ಪತ್ತು ವರ್ಷಗಳಲ್ಲಿ ಆ ಪಟ್ಟಿಗೆ ಇನ್ನೊಂದು ಬಾಬತ್ತು ಸೇರಿಕೊಂಡಿದೆ: ಮಕ್ಕಳ ವಿದೇಶ ವ್ಯಾಸಂಗ.

ನನಗೆ ಪರಿಚಿತವಾದ ಒಂದು ಮನೆ ತುರುವೇಕೆರೆಯ ಕಡೆ ಇದೆ. ಹೆಸರು ಬೇಡ. ಆ ಮನೆಯ ಮಗಳು 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ಪದವಿಗೆಂದು ಇಂಗ್ಲೆಂಡಿಗೆ ಹೋದಳು. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಶಿಫಾರಸು ಪತ್ರ ಬರೆದುಕೊಟ್ಟವನೂ ನಾನೇ. ಆ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಸಂಜೆ ನಾನು ಆ ಮನೆಯ ಜಗುಲಿಯಲ್ಲಿ ಕುಳಿತಿದ್ದಾಗ ಆಕೆಯ ಕರೆ ಬಂತು.

“ಊಟ ಆಯ್ತಾ ಮಗಾ? ಕೆಲಸ ಜಾಸ್ತಿಯಾ?”

“ಆಯ್ತು ಅಪ್ಪಾಜಿ. ಕೆಲಸ ಏನಿಲ್ಲ, ಆರಾಮಾಗಿದೀನಿ. ಕೊಬ್ಬರಿ ರೇಟ್ ಹೆಂಗಿದೆ?”

“ಪರವಾಗಿಲ್ಲ ಬಿಡು. ನೀನು ಓದ್ಕೋ.”

ಎರಡು ಉತ್ತರಗಳೂ ಸುಳ್ಳು. ಆ ದಿನಗಳಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆ ಕ್ವಿಂಟಲಿಗೆ ಎಂಟು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬಿದ್ದುಕೊಂಡಿತ್ತು. ಕೇಂದ್ರ ಸರ್ಕಾರ ಆ ಸಾಲಿಗೆ ಘೋಷಿಸಿದ್ದ ಬೆಂಬಲ ಬೆಲೆ 11,750 ರೂಪಾಯಿ. ರೈತರು ಬೀದಿಗಿಳಿದಿದ್ದರು. ಅತ್ತ ಮಗಳು, ಬಹಳ ತಿಂಗಳ ನಂತರ ಆಕೆಯೇ ನನಗೆ ಹೇಳಿದಂತೆ, ಹಿಂದಿನ ರಾತ್ರಿಯಿಡೀ ಒಂದು ಉಗ್ರಾಣದಲ್ಲಿ ನಿಂತು ಪೆಟ್ಟಿಗೆಗಳಿಗೆ ಸಾಮಾನು ತುಂಬಿ ಬಂದಿದ್ದಳು. ಊಟವನ್ನೂ ಮಾಡಿರಲಿಲ್ಲ.

ಈ ಲೇಖನವನ್ನು ಬರೆಯಲು ಆ ಕರೆಯೇ ಕಾರಣ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವುದು ಸರಿಯೋ ತಪ್ಪೋ ಎಂಬ ಚರ್ಚೆ ಹಳಸಿತು. ಅದರಲ್ಲಿ ನನಗೆ ಆಸಕ್ತಿಯಿಲ್ಲ. ಹೋಗುವವರು ಹೋಗುತ್ತಾರೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೀಗೆ ಹೋದ ಮಗುವಿಗೂ ಉಳಿದ ಮನೆಗೂ ನಡುವೆ ಇರುವುದು ಏನು? ಯಾರು ಯಾರಿಗೆ ಏನನ್ನು ಕೊಡಬೇಕು? ಕೇಳುವ ಹಕ್ಕು ಯಾರಿಗಿದೆ?

ಮೊದಲು ಹಣದ ಲೆಕ್ಕವನ್ನೇ ನೋಡೋಣ. ನೀತಿಯ ಮಾತು ಆಡುವವರು ಬಹಳ ಸಲ ಇದನ್ನು ಹಾರಿಸಿಬಿಡುತ್ತಾರೆ. ಆ ಹುಡುಗಿಯ ಒಂದು ವರ್ಷದ ಶುಲ್ಕ ಹದಿನೈದು ಸಾವಿರ ಪೌಂಡು. ಅದಲ್ಲದೆ, ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಜೀವನ ವೆಚ್ಚವನ್ನು ಬ್ಯಾಂಕಿನಲ್ಲಿ ತೋರಿಸಬೇಕೆಂಬುದು ಆ ವರ್ಷದ ಬ್ರಿಟಿಷ್ ವೀಸಾ ನಿಯಮ. ಎರಡೂ ಸೇರಿದರೆ ನಮ್ಮ ಹಣದಲ್ಲಿ ಇಪ್ಪತ್ನಾಲ್ಕು ಲಕ್ಷಕ್ಕೆ ಕಡಿಮೆಯಿಲ್ಲ. ಕ್ವಿಂಟಲಿಗೆ ಎಂಟು ಸಾವಿರದಂತೆ ಲೆಕ್ಕ ಹಾಕಿದರೆ ಮುನ್ನೂರು ಕ್ವಿಂಟಲ್ ಕೊಬ್ಬರಿ. ಅಷ್ಟು ಕೊಬ್ಬರಿಯನ್ನು ಒಂದು ವರ್ಷದಲ್ಲಿ ಇಳಿಸುವ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿವೆ, ನೀವೇ ಹೇಳಿ. ಆದ್ದರಿಂದ ಸಾಲ.

ಸಾಲದಲ್ಲಿಯೂ ನಮ್ಮವರಿಗೆ ಒಂದು ವಿಚಿತ್ರ ತೊಡಕು. ಶಿಕ್ಷಣ ಸಾಲ ಏಳೂವರೆ ಲಕ್ಷವನ್ನು ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಅಡಮಾನ ಕೇಳುತ್ತವೆ. ತೋಟದ ಪಹಣಿಯನ್ನು ಹಿಡಿದುಕೊಂಡು ಹೋದರೆ ವ್ಯವಸ್ಥಾಪಕರು ತಲೆಯಾಡಿಸುತ್ತಾರೆ. 2002ರ ಸರ್ಫೇಸಿ ಕಾಯಿದೆಯ ಅಡಿಯಲ್ಲಿ ಕೃಷಿ ಜಮೀನನ್ನು ವಶಪಡಿಸಿಕೊಂಡು ಹರಾಜು ಹಾಕಲು ಬ್ಯಾಂಕಿಗೆ ಅವಕಾಶವಿಲ್ಲ; ರೈತನ ರಕ್ಷಣೆಗೆಂದು ಮಾಡಿದ ವಿನಾಯಿತಿ ಅದು. ಹರಾಜು ಹಾಕಲಾಗದ ಆಸ್ತಿಯನ್ನು ಅಡವಿಟ್ಟುಕೊಂಡು ಬ್ಯಾಂಕು ಏನು ಮಾಡೀತು? ಹೀಗೆ ತಲೆತಲಾಂತರದಿಂದ ಅನ್ನ ಹಾಕಿದ ಕಲ್ಪವೃಕ್ಷದ ತೋಟಕ್ಕೆ ಬ್ಯಾಂಕಿನಲ್ಲಿ ಬೆಲೆಯಿಲ್ಲ, ಪೇಟೆಯಲ್ಲಿರುವ ಮೂವತ್ತು ನಲವತ್ತರ ನಿವೇಶನಕ್ಕೆ ಇದೆ. ಆ ಮನೆಯವರಿಗೆ ಪೇಟೆಯಲ್ಲಿ ಆಸ್ತಿಯಿರಲಿಲ್ಲ. ಹುಡುಗಿಯ ಚಿಕ್ಕಪ್ಪ ತಿಪಟೂರಿನಲ್ಲಿರುವ ತನ್ನ ಮನೆಯ ಪತ್ರವನ್ನು ಕೊಟ್ಟರು. ಇಪ್ಪತ್ತು ಲಕ್ಷ ಸಾಲ. ಶೇಕಡ ಹತ್ತರ ಬಡ್ಡಿಯೆಂದರೂ ವರ್ಷಕ್ಕೆ ಎರಡು ಲಕ್ಷ. ವ್ಯಾಸಂಗ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದು ಸಮಾಧಾನಪಡುತ್ತೇವೆ. ಬಡ್ಡಿ ಮಾತ್ರ ಆ ಅವಧಿಯಲ್ಲಿಯೂ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

“ಅಲ್ಲಿ ಪಾರ್ಟ್ ಟೈಮ್ ಕೆಲಸ ಮಾಡಿ ತೀರಿಸ್ತಾರೆ” ಎಂಬುದು ನಾವೆಲ್ಲರೂ ಹೇಳುವ, ದಲ್ಲಾಳಿಗಳು ನಮ್ಮಿಂದ ಹೇಳಿಸುವ ಮಾತು. ಅದನ್ನೂ ತೂಗಿ ನೋಡೋಣ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಪ್ರಬಂಧ ಬರೆಯುವ ತಿಂಗಳುಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. 2023ರ ಏಪ್ರಿಲಿನಿಂದ ಅಲ್ಲಿ 23 ವರ್ಷ ತುಂಬಿದವರಿಗೆ ಇದ್ದ ಕನಿಷ್ಠ ಕೂಲಿ ಗಂಟೆಗೆ 10.42 ಪೌಂಡು. ವಾರಕ್ಕೆ ಇಪ್ಪತ್ತು ಗಂಟೆಯಂತೆ ಒಂದು ವಾರವನ್ನೂ ಬಿಡದೆ ದುಡಿದರೆ ತಿಂಗಳಿಗೆ ಸರಾಸರಿ 903 ಪೌಂಡು. ಬದುಕಲು 1,023 ಬೇಕು ಎಂದು ಆಗ ಅದೇ ಸರ್ಕಾರವೇ ಹೇಳಿತ್ತು. ಅಂದರೆ ಕಾನೂನು ಒಪ್ಪುವಷ್ಟು ದುಡಿದರೆ ಬಾಡಿಗೆಗೂ ಊಟಕ್ಕೂ ಸಾಲದು. ಶುಲ್ಕ, ಬಡ್ಡಿ ದೂರದ ಮಾತು. ಬೇರೆ ದೇಶಗಳಲ್ಲಿ ಅಂಕಿಗಳು ಬೇರೆ. ಆಸ್ಟ್ರೇಲಿಯ 2023ರ ಜುಲೈಯಿಂದ ಎರಡು ವಾರಕ್ಕೆ 48 ಗಂಟೆ ಎಂದಿತು, ಕೆನಡ 2024ರ ನವೆಂಬರಿನಲ್ಲಿ ವಾರಕ್ಕೆ 24 ಎಂದಿತು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವರ್ಷದ ಖರ್ಚಿಗೆಂದು 11,904 ಯೂರೋಗಳನ್ನು ಮುಂಗಡವಾಗಿ ಖಾತೆಯಲ್ಲಿ ಇಡಬೇಕೆಂದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾಯಿತು. ಎಲ್ಲಿಯೂ ವಿದ್ಯಾರ್ಥಿಯ ದುಡಿಮೆಯಿಂದ ವಿದ್ಯೆಯ ಸಾಲ ತೀರುವಂತೆ ನಿಯಮಗಳನ್ನು ಮಾಡಿಲ್ಲ. ಅವರು ಹಾಗೆ ಮಾತು ಕೊಟ್ಟೂ ಇಲ್ಲ. ಮಾತು ಕೊಟ್ಟವರು ಇಲ್ಲಿನ ಮಧ್ಯವರ್ತಿಗಳು, ನಂಬಿದವರು ನಾವು.

ಇಲ್ಲಿಂದಲೇ ನೀತಿಯ ತೊಡಕು ಆರಂಭವಾಗುತ್ತದೆ. ಇಪ್ಪತ್ತು ಗಂಟೆಯ ಮೇಲೆ ಇಪ್ಪತ್ತೊಂದನೆಯ ಗಂಟೆ ದುಡಿದು, ಕೂಲಿಯನ್ನು ಕೈಯಲ್ಲಿ ನಗದಾಗಿ ಪಡೆದುಕೊಳ್ಳುವ ಮಗು ತಪ್ಪು ಮಾಡಿತೇ? ಕಾನೂನಿನ ಪ್ರಕಾರ ಹೌದು. ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಸಾಲ ಉಳಿಯುತ್ತದೆ. ಅಲ್ಲದೆ ನಗದು ಕೊಡುವ ಮಾಲೀಕ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟರೂ ದೂರು ಹೇಳಲು ಬಾಯಿರುವುದಿಲ್ಲ. ಆದರೆ ಆ ಇಪ್ಪತ್ತೊಂದನೆಯ ಗಂಟೆಗೆ ಆಕೆಯನ್ನು ದೂಡಿದವರು ಯಾರು? ಮನೆಯಿಂದ ಹಣ ಕೇಳಬಾರದು ಎಂದು ಆಕೆ ತೀರ್ಮಾನಿಸಿದ್ದು ಏಕೆ? ಜಗುಲಿಯ ಮೇಲೆ ಕುಳಿತು “ಪರವಾಗಿಲ್ಲ ಬಿಡು” ಎಂದ ದನಿಯ ಹಿಂದಿನ ಸುಸ್ತು ಆಕೆಗೆ ಕೇಳಿಸಿರಲಿಲ್ಲ ಎನ್ನುತ್ತೀರಾ? ಹೆತ್ತವರ ಸುಳ್ಳನ್ನು ಮಕ್ಕಳು ಬಹಳ ಬೇಗ ಪತ್ತೆ ಮಾಡುತ್ತಾರೆ. ಮಕ್ಕಳ ಸುಳ್ಳನ್ನು ಹೆತ್ತವರೂ. ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಗೊತ್ತಿಲ್ಲದಂತೆ ನಟಿಸುವ ಈ ಕರುಣೆಯ ಸುಳ್ಳಿಗೆ ಯಾವ ಹೆಸರಿಡುವುದು?

ಈ ಪ್ರಶ್ನೆಯನ್ನು ಹಿಡಿದು ಯೋಚಿಸುವಾಗಲೆಲ್ಲ ನನಗೆ ಸಂತ ಅಗಸ್ಟೀನರ ನೆನಪಾಗುತ್ತದೆ. ಅವರನ್ನು ಪೀಠದ ಮೇಲಿನ ಸಂತನಾಗಿ ಮಾತ್ರ ಬಲ್ಲವರು, ಅವರೂ ಒಮ್ಮೆ ನಮ್ಮ ಮಕ್ಕಳಂತೆಯೇ ವಿದ್ಯೆಗೂ ವೃತ್ತಿಗೂ ಊರು ಬಿಟ್ಟು ಹೋದವರು ಎಂಬುದನ್ನು ಮರೆತಿರುತ್ತಾರೆ. ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಊರು ಅವರದು. ತಂದೆ ಪ್ಯಾಟ್ರಿಕ್ಕನಿಗೆ ಹೇಳಿಕೊಳ್ಳುವಂಥ ಸ್ಥಿತಿಯಿರಲಿಲ್ಲ. ಆದರೂ ಮಗನನ್ನು ದೂರದ ಕಾರ್ಥೇಜಿಗೆ ಓದಲು ಕಳುಹಿಸಲು ಶಕ್ತಿ ಮೀರಿ ಹಣ ಹೊಂದಿಸಿದ. ಅವನಿಗಿಂತ ಎಷ್ಟೋ ಶ್ರೀಮಂತರು ತಮ್ಮ ಮಕ್ಕಳಿಗಾಗಿ ಅಷ್ಟು ಮಾಡಲಿಲ್ಲವೆಂದು ಮಗನೇ ಮುಂದೆ ಬರೆದಿದ್ದಾನೆ. ಊರಿನ ಧನಿಕನೊಬ್ಬನ ನೆರವೂ ದೊರೆಯಿತು. ನಮ್ಮ ಚಿಕ್ಕಪ್ಪನ ಮನೆಪತ್ರದ ಕಥೆ ಹದಿನಾರು ಶತಮಾನಗಳಷ್ಟು ಹಳೆಯದು, ನೋಡಿ.

ಮುಂದೆ 383ರಲ್ಲಿ ಅಗಸ್ಟೀನ್ ಬೋಧಕನಾಗಿ ರೋಮಿಗೆ ಹೊರಟಾಗ ತಾಯಿ ಮೋನಿಕಾ ಬಂದರಿನವರೆಗೂ ಬೆನ್ನು ಬಿಡದೆ ಬಂದಳು. ಹೋಗಬೇಡ, ಹೋಗುವುದಾದರೆ ನನ್ನನ್ನೂ ಕರೆದುಕೊಂಡು ಹೋಗು ಎಂಬುದು ಆಕೆಯ ಹಟ. ಗೆಳೆಯನೊಬ್ಬನನ್ನು ಬೀಳ್ಕೊಡುವುದಿದೆ ಎಂದು ಮಗ ಸುಳ್ಳು ಹೇಳಿದ. ತಾಯಿ ಆ ರಾತ್ರಿ ಸಂತ ಸಿಪ್ರಿಯಾನರ ಹೆಸರಿನ ಗುಡಿಯಲ್ಲಿ ಪ್ರಾರ್ಥನೆಯಲ್ಲಿದ್ದಾಗ ಹಡಗು ಹೊರಟುಹೋಯಿತು. ಬೆಳಿಗ್ಗೆ ಆಕೆ ದಡದಲ್ಲಿ ಅಳುತ್ತ ನಿಂತಳು. ಈ ಸಂಗತಿಯನ್ನು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಯಾವ ನೆಪವನ್ನೂ ಹೇಳದೆ ಬರೆದುಕೊಂಡವರು ಸ್ವತಃ ಅಗಸ್ಟೀನರೇ. ಅದೇ ಮನುಷ್ಯ ಮುಂದೆ ಸುಳ್ಳಿನ ಬಗ್ಗೆ ಎರಡು ಪ್ರತ್ಯೇಕ ಗ್ರಂಥಗಳನ್ನು ಬರೆದು, ಯಾರಿಗೂ ಕೇಡಾಗದ ಸುಳ್ಳೂ, ಒಳಿತಿಗಾಗಿ ಹೇಳಿದ ಸುಳ್ಳೂ ಸುಳ್ಳೇ, ಅದಕ್ಕೆ ಅನುಮತಿಯಿಲ್ಲ ಎಂಬ ಅತ್ಯಂತ ಕಠಿಣ ನಿಲುವನ್ನು ತಳೆದರು. ಬಂದರಿನ ಆ ಬೆಳಗಿಗೂ ಈ ನಿಲುವಿಗೂ ಸಂಬಂಧವಿದೆಯೇ? ಹೇಳಲಾರೆ. ತಾಯಿಗೆ ಸುಳ್ಳು ಹೇಳಿ ಹೊರಟ ಮಗನಿಗೆ ಆ ವಿಷಯ ಹಗುರವಾಗಿರಲಿಲ್ಲ ಎಂದಷ್ಟೇ ನನ್ನ ಊಹೆ.

ಅವರ ಕಠಿಣ ನಿಲುವನ್ನು ಪೂರ್ತಿ ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ ತಾಯಿಗೆ “ಊಟ ಆಯ್ತು” ಎಂದರೆ ಅದನ್ನು ಪಾಪ ಎನ್ನಲು ನಾಲಿಗೆ ಏಳುವುದಿಲ್ಲ. ಆದರೂ ಅವರ ಮಾತಿನಲ್ಲಿ ಒಂದು ವಿವೇಕವಿದೆ. ನಾವು ಒಬ್ಬರಿಗೆ ನೋವಾಗಬಾರದೆಂದು ಸುಳ್ಳು ಹೇಳಿದಾಗ, ಆ ನೋವನ್ನು ಹೊರುವ ಶಕ್ತಿ ಅವರಿಗಿಲ್ಲ ಎಂದು ನಾವೇ ತೀರ್ಪು ಕೊಟ್ಟಿರುತ್ತೇವೆ. ತಂದೆ ಮಗಳನ್ನು ಇನ್ನೂ ಮಗುವೆಂದು ಬಗೆದು ಬೆಲೆಯನ್ನು ಮುಚ್ಚಿಟ್ಟ. ಮಗಳು ತಂದೆಯನ್ನು ಆಗಲೇ ವೃದ್ಧನೆಂದು ಬಗೆದು ಉಗ್ರಾಣವನ್ನು ಮುಚ್ಚಿಟ್ಟಳು. ಆಕೆಗೆ ಬೆಲೆ ಎಂಟು ಸಾವಿರ ಎಂದು ಗೊತ್ತಾಗಿದ್ದರೆ ಏನು ಮಾಡುತ್ತಿದ್ದಳೋ! ಇನ್ನಷ್ಟು ದುಡಿಯುತ್ತಿದ್ದಳೇನೋ, ಅಥವಾ ಧೈರ್ಯ ಮಾಡಿ “ಎರಡು ತಿಂಗಳು ಏನೂ ಕಳಿಸಕ್ಕಾಗಲ್ಲ” ಎನ್ನುತ್ತಿದ್ದಳೇನೋ. ಆ ಆಯ್ಕೆ ಆಕೆಯದಾಗಿತ್ತು. ನಾವು ಅದನ್ನು ಆಕೆಯ ಕೈಗೇ ಕೊಡಲಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಬರೆದ ಶಿಫಾರಸು ಪತ್ರದಲ್ಲಿ, ವ್ಯಾಸಂಗ ಮುಗಿಸಿದ ನಂತರ ಈಕೆ ತಾಯ್ನಾಡಿಗೆ ಮರಳಿ ಸೇವೆ ಸಲ್ಲಿಸುವ ಹಂಬಲ ಹೊಂದಿದ್ದಾಳೆ ಎಂಬ ವಾಕ್ಯವಿತ್ತು. ಅದನ್ನು ಆಕೆಯನ್ನು ಕೇಳಿ ಬರೆದಿರಲಿಲ್ಲ. ಹಾಗೆ ಬರೆದರೆ ಚೆನ್ನ ಎಂದು ಯಾರೋ ಹೇಳಿದ್ದರು, ಬರೆದೆ. ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವರಂತೂ ತಮ್ಮ ಮನೆ ತಾಯ್ನಾಡಿನಲ್ಲಿಯೇ ಇದೆ, ಓದು ಮುಗಿದ ಮೇಲೆ ಮರಳುತ್ತೇವೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅದೇ ದಿನ ಸಂಜೆ ನೆಂಟರಿಷ್ಟರ ನಡುವೆ, ಮಗ ಅಲ್ಲಿಯೇ ನೆಲೆಸುತ್ತಾನೆ ಎಂದು ಸಿಹಿ ಹಂಚುತ್ತೇವೆ. ಮಾತು ತಪ್ಪುವುದನ್ನು ಮಕ್ಕಳಿಗೆ ಕಲಿಸಿದ್ದು ಪರದೇಶವಲ್ಲ. ಹೊರಡುವ ಮೊದಲೇ ನಾವು ಕಲಿಸಿ ಕಳುಹಿಸಿರುತ್ತೇವೆ. ಮುಂದೆ ಅದೇ ಮಗು “ಬರ್ತೀನಮ್ಮ, ಮುಂದಿನ ವರ್ಷ ಖಂಡಿತ” ಎಂದಾಗ ನಮಗೆ ನೋವಾಗುತ್ತದೆ.

ಹಾಗಾದರೆ ಮರಳಿ ಬರುವುದು ಕರ್ತವ್ಯವೇ? ಕನ್ನಡದಲ್ಲಿ ಸಾಲ ಮತ್ತು ಋಣ ಎಂಬ ಎರಡು ಪದಗಳಿವೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ತೀರಿದ ದಿನ ಪತ್ರ ಹರಿದು ಹಾಕುವ ಸಮಾಧಾನವಿದೆ. ಋಣಕ್ಕೆ ಇದಾವುದೂ ಇಲ್ಲ. ಅನ್ನದ ಋಣ, ಮಣ್ಣಿನ ಋಣ, ತಾಯಿಯ ಋಣ ಎನ್ನುತ್ತೇವೆ. ತಾಯಿಯ ಸಾಲ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ತೀರದಿರುವುದೇ ಋಣದ ಗುಣ. ಅದು ತೀರಿತು ಎಂದರೆ ನಮ್ಮ ಆಡುಮಾತಿನಲ್ಲಿ ಸಂಬಂಧವೇ ಮುಗಿಯಿತು ಎಂದರ್ಥ. ನಮ್ಮ ಮನೆಗಳಲ್ಲಿ ಆಗುತ್ತಿರುವ ಅನಾಹುತವೆಂದರೆ ಇವೆರಡನ್ನೂ ಕಲೆಸಿಬಿಟ್ಟಿರುವುದು. ಬ್ಯಾಂಕಿನ ಇಪ್ಪತ್ತು ಲಕ್ಷವನ್ನು ಮಗಳು ತೀರಿಸಬೇಕೆಂದು ಕೇಳುವುದು ನ್ಯಾಯ, ಅದು ಸಾಲ. ಆದರೆ “ಇಷ್ಟೆಲ್ಲ ಖರ್ಚು ಮಾಡಿ ಓದಿಸಿದ್ವಿ, ನಾವು ಹೇಳಿದ ಕಡೆ ಮದುವೆ ಆಗು” ಎಂದಾಗ ಋಣವನ್ನು ಸಾಲದ ಪತ್ರಕ್ಕೆ ಬರೆದಂತಾಗುತ್ತದೆ. ಅತ್ತ ಮಕ್ಕಳೂ ಒಮ್ಮೊಮ್ಮೆ ತಿಂಗಳಿಗಿಷ್ಟು ಕಳುಹಿಸಿ, ಕೊನೆಯ ಕಂತು ಮುಟ್ಟಿದ ದಿನ ಎಲ್ಲವೂ ಚುಕ್ತಾ ಆಯಿತೆಂದು ಭಾವಿಸುತ್ತಾರೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳು.

ಇನ್ನೊಂದು ಮಾತು. ಮರಳಿ ಬನ್ನಿ ಎನ್ನುವ ಮೊದಲು, ನಮ್ಮ ಊರು ಅವರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂದೂ ಕೇಳಿಕೊಳ್ಳಬೇಕಲ್ಲವೇ? ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಓದಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಕರಾರಿನಂತೆ 1917ರಲ್ಲಿ ಬಡೋದೆಗೆ ಬಂದರು. ದೊಡ್ಡ ಹುದ್ದೆ ಸಿಕ್ಕಿತು, ತಲೆ ಹಾಕಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಗುರುತು ಮರೆಸಿ ತಂಗಿದ್ದವರನ್ನು, ಜಾತಿ ತಿಳಿದಾಗ ಕೋಲು ಹಿಡಿದು ಬಂದವರು ಹೊರಹಾಕಿದರು. ಅವರು ಊರು ಬಿಟ್ಟು ಮುಂಬಯಿಗೆ ಮರಳಬೇಕಾಯಿತು. ಈ ಅನುಭವವನ್ನು ಅವರು ಬರೆದಿಟ್ಟ ಕಿರುಹೊತ್ತಿಗೆಯ ಹೆಸರು ‘ವೇಯ್ಟಿಂಗ್ ಫಾರ್ ಎ ವೀಸಾ’. ವೀಸಾಕ್ಕಾಗಿ ಕಾಯುವುದೆಂದರೆ ನಮಗೆ ರಾಯಭಾರ ಕಚೇರಿಯ ಸಾಲು ನೆನಪಾಗುತ್ತದೆ. ಆ ಹೊತ್ತಿಗೆಯಲ್ಲಿ ಕಾಯುತ್ತಿರುವವನು ತನ್ನದೇ ದೇಶದೊಳಗೆ ಕಾಲಿಡಲು ಕಾಯುತ್ತಿದ್ದಾನೆ.

ನಮ್ಮ ಸೀಮೆಯ ಮಾತಿಗೇ ಬರೋಣ. ಚಿಪ್ಪು ಒಡೆದು ಗಿಟುಕಿಗೆ ಗಾಯವಾಗದಂತೆ ಕೊಬ್ಬರಿ ಬಿಡಿಸುವುದು ಸಾಮಾನ್ಯ ಕೌಶಲವಲ್ಲ. ಆ ಕೆಲಸಕ್ಕೆ ಬರುವ ಹೆಂಗಸರನ್ನು ನಾವು ಯಾವ ಲೋಟದಲ್ಲಿ ಕಾಫಿ ಕೊಟ್ಟು, ಎಲ್ಲಿ ಕೂರಿಸಿ ಮಾತನಾಡಿಸುತ್ತೇವೆ? ಅದೇ ಮನೆಯ ಮಗ ಅಲ್ಲಿ ಹೋಟೆಲಿನ ತಟ್ಟೆ ತೊಳೆಯುತ್ತಾನೆ, ನೆಲ ಒರೆಸುತ್ತಾನೆ, ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುತ್ತಾನೆ. ಅವರು ಅವನ ಹೆಸರು ಹಿಡಿದು ಕರೆಯುತ್ತಾರೆ, ಕೆಲಸ ಮುಗಿದ ಮೇಲೆ ಕೃತಜ್ಞತೆ ಹೇಳುತ್ತಾರೆ. ಅಲ್ಲಿಯೂ ಬಣ್ಣದ ತಾರತಮ್ಯವಿದೆ, ಶೋಷಣೆಯಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ದುಡಿಮೆಯಲ್ಲಿ ಅವಮಾನವಿಲ್ಲ ಎಂಬುದನ್ನು ನಮ್ಮ ಮಕ್ಕಳು ಅಲ್ಲಿ ಹೋಗಿ ಕಲಿಯಬೇಕಾಗಿ ಬಂದದ್ದು ನನಗೆ ನಾಚಿಕೆ ತರುತ್ತದೆ. ನಾವೋ, ನೆಂಟರು ಕೇಳಿದರೆ “ಪಾರ್ಟ್ ಟೈಮ್ ಮಾಡ್ತಾನೆ” ಎಂದು ಅಷ್ಟಕ್ಕೇ ನಿಲ್ಲಿಸುತ್ತೇವೆ. ಏನು ಕೆಲಸ ಎಂದು ಹೇಳುವುದಿಲ್ಲ.

ಹೋಗುವವರೆಲ್ಲ ಆಸೆಬುರುಕರು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ರಾಜ್ಯದವನೇ, ಹಾವೇರಿ ಜಿಲ್ಲೆಯ ಚಳಗೇರಿಯವನು. ಪಿಯುಸಿಯಲ್ಲಿ ಶೇಕಡ 97 ಅಂಕ ಪಡೆದಿದ್ದರೂ ಇಲ್ಲಿ ಸೀಟು ದೊರೆಯಲಿಲ್ಲ ಎಂದು ತಂದೆ ಹೇಳಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಮಗನ ದೇಹ ಊರು ತಲುಪಲು ಮೂರು ವಾರ ಹಿಡಿಯಿತು. ಬಂದ ದೇಹವನ್ನು ಆ ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ಮನೆಯವರು ಯಾರಿಗೂ ಏನನ್ನೂ ಬಾಕಿ ಉಳಿಸಿಕೊಂಡಿಲ್ಲ. ಇಂಥ ಮನೆಗಳಿಗೆ ನಾವು ಬಾಕಿ ಇದ್ದೇವೆ.

ಈ ಲೆಕ್ಕದಲ್ಲಿ ಯಾರೂ ಹೆಸರೆತ್ತದ ಇನ್ನೊಬ್ಬನಿದ್ದಾನೆ: ಊರಿನಲ್ಲಿ ಉಳಿದವನು. ದುಂದುಗಾರ ಮಗನ ಸಾಮತಿಯನ್ನು ಎಷ್ಟೋ ಸಲ ಕೇಳಿದ್ದೇವೆ. ಹೊಲದಿಂದ ಬಂದು ಬಾಗಿಲ ಹೊರಗೇ ನಿಂತ ಹಿರಿಯಣ್ಣನನ್ನು ಮಾತ್ರ ಹೊಟ್ಟೆಕಿಚ್ಚಿನವನೆಂದು ಬೈದು ಮುಂದೆ ಹೋಗುತ್ತೇವೆ. ತೆಂಗಿನ ಸೀಮೆಯಲ್ಲಿ ಅವನನ್ನು ಅಷ್ಟು ಸುಲಭವಾಗಿ ಬೈಯಲಾಗದು. ನಾನು ಹೇಳುತ್ತಿರುವ ಮನೆಯಲ್ಲಿಯೂ ಒಬ್ಬ ಅಣ್ಣನಿದ್ದಾನೆ. ಪದವಿ ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದಾನೆ. ಮರ ಹತ್ತುವವರು ಸಿಗದಿದ್ದಾಗ ಊರೂರು ಅಲೆದು ಆಳು ಹುಡುಕುವವನು ಅವನು. ಕಾಂಡ ಸೋರುವ ರೋಗ ಬಂದ ಮರಕ್ಕೆ ಔಷಧಿ ಬಳಿಯುವವನು, ಕಪ್ಪುತಲೆ ಹುಳು ತಿಂದ ಗರಿ ಕಡಿಸುವವನು ಅವನು. ತಂದೆಯ ಮೊಣಕಾಲಿಗೆ ತಿಪಟೂರಿನ ಡಾಕ್ಟರ ಬಳಿ ಸರದಿ ಕಾಯುವವನೂ ಅವನೇ. ತಂಗಿಯ ಓದಿಗೆ ಮೂರು ವರ್ಷದ ಕೊಬ್ಬರಿ ಹೋಯಿತು. ಅವನ ಮದುವೆಯ ಮಾತು ಮುಂದಕ್ಕೆ ಹೋಯಿತು. ಸಾಲದ ಕಾಗದಕ್ಕೆ ಸಹಿ ಬೇಕಾದಾಗ ಅವನನ್ನು ಕರೆದರು. ಸಾಲ ಮಾಡಬೇಕೇ ಎಂದು ತೀರ್ಮಾನಿಸುವಾಗ ಕರೆದಿರಲಿಲ್ಲ. ಊರಿನಲ್ಲಿ ತಂಗಿಯ ಸುದ್ದಿಗೆ ಇರುವ ಗೌರವದ ಕಾಲು ಭಾಗವೂ ಅವನ ದುಡಿಮೆಗಿಲ್ಲ. ಒಂದು ಮಗುವಿಗೆ ಕೊಟ್ಟದ್ದು ಇನ್ನೊಂದು ಮಗುವಿನ ಪಾಲಿನಿಂದ ಬಂತೆಂದು ಒಪ್ಪಿಕೊಳ್ಳುವುದು ಹೆತ್ತವರಿಗೆ ಕಷ್ಟ. ಆದರೆ ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ: ಹೊರದೇಶದಿಂದ ಬರುವ ಮೊದಲ ಹಣದ ಮೇಲೆ ಬ್ಯಾಂಕಿನ ನಂತರ ಯಾರಿಗಾದರೂ ಹಕ್ಕಿದ್ದರೆ ಅದು ಅವನಿಗೆ.

ಮಕ್ಕಳನ್ನು ಕಳುಹಿಸಲು ಹೊರಟಿರುವ ಮನೆಗಳಿಗೆ ಎರಡು ವ್ಯಾವಹಾರಿಕ ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಲಹೆ ಕೊಡುವ ಅನೇಕ ಮಧ್ಯವರ್ತಿಗಳಿಗೆ ವಿಶ್ವವಿದ್ಯಾಲಯಗಳಿಂದಲೇ ಕಮಿಷನ್ ಬರುತ್ತದೆ. ಅವರು ತೋರಿಸಿದ ಕಾಲೇಜೇ ನಿಮ್ಮ ಮಗುವಿಗೆ ತಕ್ಕದ್ದೆಂದು ನಂಬಬೇಡಿ. ದಲ್ಲಾಳಿ ಕೊಟ್ಟ ನಕಲಿ ಪ್ರವೇಶಪತ್ರದಿಂದಾಗಿ ನೂರಾರು ಭಾರತೀಯ ವಿದ್ಯಾರ್ಥಿಗಳು ಕೆನಡದಿಂದ ಗಡೀಪಾರಾಗುವ ಭೀತಿ ಎದುರಿಸಿದ್ದು 2023ರಲ್ಲಿ. ಎರಡನೆಯದು, ಮನೆ ಅಡವಿಡುವ ಮೊದಲು ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ನಿರ್ದೇಶನಾಲಯದ ಜಿಲ್ಲಾ ಕಚೇರಿಗಳಲ್ಲಿ ವಿದೇಶ ವ್ಯಾಸಂಗದ ನೆರವಿನ ಬಗ್ಗೆ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ‘ಪ್ರಬುದ್ಧ’ ಎಂಬ ಯೋಜನೆಯೇ ಇದೆ. ಕಚೇರಿಗೆ ಅಲೆಯಲು ನಾಚಿಕೊಂಡು ಸಾಲ ಮಾಡಿದವರನ್ನು ಕಂಡಿದ್ದೇನೆ.

ಅಗಸ್ಟೀನರ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ದಡದಲ್ಲಿ ಅಳುತ್ತ ನಿಂತ ತಾಯಿ ಅಲ್ಲಿಯೇ ನಿಲ್ಲಲಿಲ್ಲ. ಕಡಲು ದಾಟಿ ಮಗನನ್ನು ಹುಡುಕಿಕೊಂಡು ಮಿಲಾನಿಗೆ ಹೋದಳು. 387ರಲ್ಲಿ ತಾಯಿ ಮಗ ಇಬ್ಬರೂ ಊರಿಗೆ ಮರಳಲು ಹೊರಟು ಓಸ್ತಿಯ ಬಂದರಿನಲ್ಲಿದ್ದಾಗ ಆಕೆ ಕಾಯಿಲೆ ಬಿದ್ದು ತೀರಿಕೊಂಡಳು. ಊರಿನಲ್ಲಿ ಗಂಡನ ಸಮಾಧಿಯ ಪಕ್ಕದಲ್ಲಿ ತನಗೆಂದು ಜಾಗ ಮಾಡಿಸಿಟ್ಟುಕೊಂಡಿದ್ದವಳು, ಕೊನೆಗೆ ತನ್ನ ದೇಹವನ್ನು ಎಲ್ಲಿ ಹೂಳಿದರೂ ಚಿಂತೆಯಿಲ್ಲ ಎಂದಳಂತೆ. ಮಗ ಮರುವರ್ಷ ತಗಾಸ್ತೆಗೆ ಮರಳಿದ. ನಮ್ಮ ಮಕ್ಕಳಲ್ಲಿ ಕೆಲವರು ಮರಳುತ್ತಾರೆ, ಕೆಲವರು ಇಲ್ಲ. ಅಜ್ಜಿಯ ಅಂತ್ಯಸಂಸ್ಕಾರವನ್ನು ಫೋನಿನ ಪರದೆಯಲ್ಲಿ ನೋಡಿದ ಮೊಮ್ಮಗನನ್ನು ನಾನು ಬಲ್ಲೆ. ಟಿಕೆಟಿಗೆ ಹಣವಿರಲಿಲ್ಲ, ಇದ್ದಿದ್ದರೂ ಪರೀಕ್ಷೆಯ ವಾರ. ಅವನನ್ನು ಋಣ ಮರೆತವನು ಎನ್ನಲು ನಾನು ಸಿದ್ಧನಿಲ್ಲ.

ಆ ಹುಡುಗಿಯ ಓದು ಮುಗಿದು ಈಗ ಕೆಲಸ ಹುಡುಕುವ ಅವಧಿಯ ವೀಸಾದಲ್ಲಿದ್ದಾಳೆ. ಕೊಬ್ಬರಿಯ ಬೆಲೆಯೂ 2025ರಲ್ಲಿ ಯಾರೂ ಕನಸು ಕಾಣದಂತೆ ಏರಿ ಇಪ್ಪತ್ತೈದು ಸಾವಿರ ದಾಟಿತು. ಎರಡು ವರ್ಷ ಮೊದಲು ಏರಿದ್ದರೆ ಮುನ್ನೂರು ಕ್ವಿಂಟಲಿನ ಹೊರೆ ನೂರಕ್ಕಿಂತ ಕಡಿಮೆಯಾಗುತ್ತಿತ್ತು ಎಂದು ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಬೆಲೆ ಬಂದಾಗ ಮರದಲ್ಲಿ ಫಸಲು ಕಡಿಮೆ. ಅದು ನಮ್ಮ ಕಡೆಯ ಹಣೆಬರಹ. ಅಂಥ ಒಂದು ಭಾನುವಾರ ನಾನು ಮತ್ತೆ ಅದೇ ಜಗುಲಿಯಲ್ಲಿದ್ದೆ.

“ಅಪ್ಪಾಜಿ, ಒಂದು ವಿಷಯ. ಹೋದ ತಿಂಗಳು ಕೆಲಸ ಹೋಯ್ತು. ಈ ಸಲ ಕಂತು ಕಟ್ಟಕ್ಕೆ ಆಗಲ್ಲ.”

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅವರು “ಪರವಾಗಿಲ್ಲ ಬಿಡು” ಎನ್ನುತ್ತಾರೆ ಎಂದೇ ನಾನು ಕಾದೆ.

“ಕಷ್ಟಾನೇ ಆಯ್ತದೆ ಮಗಾ,” ಎಂದರು. “ಅಟ್ಟದಲ್ಲಿ ಒಂದಷ್ಟು ಕಾಯಿ ಅವೆ. ಅಣ್ಣನ ಮದುವೆಗೆ ಅಂತ ಇಟ್ಟಿದ್ದು.”

“ಹಂಗಾದ್ರೆ ಮೊದಲು ಅಣ್ಣನ್ನ ಕೇಳಬೇಕು. ಫೋನು ಅವನಿಗೆ ಕೊಡಿ, ನಾನೇ ಕೇಳ್ತೀನಿ.”

ಅಪ್ಪ ಎದ್ದು, ತೋಟದ ಕಡೆಗೆ ಮುಖ ಮಾಡಿ ಮಗನ ಹೆಸರು ಕೂಗಿದರು.